ಬಲೆಯ ಕಣ್ಣು, ಕುರುಡೆಯ ಕಣ್ಣು

ಗಾಳ ಹಾಕುವವನು ಸಾಧು, ಬಲೆ ಬೀಸುವವನು ಲೋಭಿ ಎಂಬ ಒಂದು ತೀರ್ಪು ಪರಿಸರದ ಮಾತಾಡುವ ಓದುಗರಲ್ಲಿ ಹೇಗೋ ಬೇರೂರಿದೆ. ಗಾಳಕ್ಕೆ ಒಂದು ಸಲಕ್ಕೆ ಒಂದೇ ಮೀನು, ಬಲೆಗೆ ರಾಶಿ. ಆದ್ದರಿಂದ ಗಾಳ ಹೊಳೆಗೆ ಹಗುರ, ಬಲೆ ಭಾರ. ಈ ಲೆಕ್ಕ ಎಷ್ಟು ಸಲೀಸೋ ಅಷ್ಟೇ ಪೊಳ್ಳು. ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಭಟ್ಕಳದ ವೆಂಕಟಾಪುರ ಹೊಳೆ, ಈ ಮೂರರ ಅಳಿವೆಯಲ್ಲೂ ಗಾಳ, ಬೀಸುಬಲೆ, ಪಟ್ಟಬಲೆ, ಗಜನಿಯ (ಉಬ್ಬರದ ನೀರು ಬರುವ ಗದ್ದೆಯ) ಚೀಲಬಲೆ ಎಲ್ಲವೂ ಒಂದೇ ನೀರಿನಲ್ಲಿ ಕೆಲಸ ಮಾಡುತ್ತವೆ. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಸಲಕರಣೆಯ ಗುಣ ಅದಕ್ಕೆ ಸಿಕ್ಕಿದ್ದರಲ್ಲಿ ಕಾಣುವುದಿಲ್ಲ, ಅದು ಬಿಟ್ಟದ್ದರಲ್ಲಿ ಕಾಣುತ್ತದೆ. ಯಾವ ಮೀನನ್ನು, ಯಾವ ವಯಸ್ಸಿನಲ್ಲಿ, ಯಾವ ತಿಂಗಳಲ್ಲಿ ಬಿಡುತ್ತದೆ ಎಂಬುದೇ ಪ್ರಶ್ನೆ. ಹಾಗೆ ಕೇಳಿದಾಗ ಸಾಧು-ಲೋಭಿಗಳ ಪಟ್ಟಿ ಬಹಳಷ್ಟು ತಿರುವುಮುರುವಾಗುತ್ತದೆ.

ಸಾಕ್ಷಿಗೆ ಕುರುಡೆ ಮೀನನ್ನೇ ಕರೆಯೋಣ; ಕೆಲವರ ಬಾಯಲ್ಲಿ ಅದು ಕುರುಡಿ. ಹೆಸರಿನಲ್ಲಿ ಕುರುಡು ಕೇಳಿಸಿದರೂ ಈ ಅಳಿವೆಗಳಲ್ಲಿ ಅದರಷ್ಟು ಚುರುಕುಗಣ್ಣಿನ ಬೇಟೆಗಾರ ಇನ್ನೊಂದಿಲ್ಲ. ರಾತ್ರಿ ಬ್ಯಾಟರಿ ಬೆಳಕು ಬಿದ್ದರೆ ಅದರ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಉತ್ತರ ಅಮೆರಿಕದ ಸಿಹಿನೀರಿನ ಸರೋವರಗಳಲ್ಲಿ ಗಾಳದವರು ಬೆನ್ನು ಹತ್ತುವ ವಾಲ್‌ಐ ಮೀನಿಗೂ ಇಂಥದೇ ಕಣ್ಣು, ಮಬ್ಬಿನಲ್ಲಿ ಬೇಟೆಯಾಡುವ ಕಣ್ಣು. ಅದೇ ಸರೋವರಗಳ ಪೈಕ್ ಜೊಂಡಿನ ಮರೆಯಲ್ಲಿ ಕದಲದೆ ನಿಂತು ಒಮ್ಮೆಲೇ ಎರಗುತ್ತದೆ. ಕುರುಡೆಗೆ ಎರಡೂ ಗೊತ್ತು. ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ನೆರಳು, ಸೇತುವೆಯ ಕಂಬ, ಕಲ್ಲಿನ ಸಂದು ಅದರ ಠಾವು. ಉಬ್ಬರ ನಿಂತು ಇಳಿತ ಹಿಡಿಯುವ ಹೊತ್ತು ಅದರ ಊಟದ ಹೊತ್ತು. ಆದರೆ ವಿಮರ್ಶೆಗೆ ಬೇಕಾದ ಸಂಗತಿ ಅದರ ಬೇಟೆಯಲ್ಲಿಲ್ಲ, ಬಾಳಿನಲ್ಲಿದೆ. ಅದು ಮೊಟ್ಟೆಯಿಡುವುದು ಅಳಿವೆಯ ಬಾಯಿಯ ಉಪ್ಪುನೀರಿನಲ್ಲಿ. ಮರಿಗಳು ಉಬ್ಬರದ ಜೊತೆ ಒಳಬಂದು ಕಾಂಡ್ಲಾ ಬುಡದಲ್ಲಿ, ಗಜನಿಯ ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತವೆ; ದಾರಿ ಸಿಕ್ಕರೆ ಸಿಹಿನೀರಿನವರೆಗೂ ಏರುತ್ತವೆ. ಎಲ್ಲಕ್ಕಿಂತ ವಿಚಿತ್ರ, ಕುರುಡೆ ಮೊದಲು ಗಂಡಾಗಿ ಬಲಿತು ಆಮೇಲೆ ಹೆಣ್ಣಾಗುತ್ತದೆ. ಎರಡು-ಎರಡೂವರೆ ಕಿಲೋದವು ಬಹುಪಾಲು ಗಂಡು. ನಾಲ್ಕೈದು ಕಿಲೋ ದಾಟಿದವು ಬಹುಪಾಲು ಹೆಣ್ಣು. ದೊಡ್ಡ ಕುರುಡೆ ಎಂದರೆ ಹೆಚ್ಚುಕಡಿಮೆ ತಾಯಿಮೀನು ಎಂದೇ ಅರ್ಥ.

ಈಗ ಗಾಳವನ್ನು ನೋಡಬೇಕು. ಅದರ ಕಸುಬಿನ ಚೆಂದವನ್ನು ಅಲ್ಲಗಳೆಯುವ ಮಾತೇ ಇಲ್ಲ. ಕುರುಡೆಯ ಕಿವಿರ ಮುಚ್ಚಳದ ಅಂಚು ಬ್ಲೇಡಿನಂತೆ ಹರಿತ. ತೆಳು ನೂಲನ್ನು ಒಂದೇ ಒದರಿಗೆ ಕತ್ತರಿಸುತ್ತದೆ. ಆದ್ದರಿಂದ ಕೊಕ್ಕೆಯ ಮುಂದೆ ಒಂದು ಮೊಳ ಉದ್ದದ ದಪ್ಪ ನೈಲಾನ್ ಕಟ್ಟಬೇಕು. ಪೈಕ್ ಹಿಡಿಯುವವರು ಅದರ ಹಲ್ಲಿಗೆ ಹೆದರಿ ಅದೇ ಜಾಗದಲ್ಲಿ ಉಕ್ಕಿನ ತಂತಿ ಕಟ್ಟುತ್ತಾರೆ. ಎರೆಗೆ ಜೀವಂತ ಶೆಟ್ಲಿ (ಸಿಗಡಿ) ಅಥವಾ ಸಣ್ಣ ಶೇವಟೆ ಮೀನು. ಹವ್ಯಾಸಿಗಳ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಮೀನು. ಇಷ್ಟೆಲ್ಲ ಜಾಣತನದ ಗುರಿ ಒಂದೇ, ಠಾವಿನಲ್ಲಿ ಕೂತ ಅತಿ ದೊಡ್ಡ ಮೀನು. ಗಾಳ ಆಯ್ದು ಹಿಡಿಯುತ್ತದೆ ಎಂದು ಹೊಗಳುವವರು ಅದು ಯಾವುದನ್ನು ಆಯುತ್ತದೆ ಎಂದು ಕೇಳುವುದಿಲ್ಲ. ದೊಡ್ಡ ಕೊಕ್ಕೆ ಸಣ್ಣ ಗಂಡುಗಳನ್ನು ಉಳಿಸಿ ತಾಯಿಯನ್ನು ಎತ್ತುತ್ತದೆ. ಫೋಟೋಕ್ಕೆ ಬರುವುದೂ ಅದೇ. ಇದೇ ಜಾತಿಯ ಮೀನಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಾರಮುಂಡಿ ಎಂದು ಹೆಸರು. ಅಲ್ಲಿ ಸಾಮಾನ್ಯವಾಗಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನು ಮಾತ್ರವಲ್ಲ, 120 ಸೆಂಟಿಮೀಟರಿಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದ ಮಿನೆಸೋಟದ ಹಲವು ಸರೋವರಗಳಲ್ಲೂ ಇಂತಿಷ್ಟು ಅಳತೆಯ ವಾಲ್‌ಐ, ಪೈಕ್‌ಗಳನ್ನು ಮರಳಿ ನೀರಿಗೆ ಬಿಡಬೇಕೆಂಬ ನಿಯಮವಿದೆ. ಆ ದೇಶಗಳಿಂದ ರಾಡು, ರೀಲು, ಬಣ್ಣದ ಎರೆ ಎಲ್ಲವನ್ನೂ ತರಿಸಿಕೊಂಡ ನಮ್ಮ ಹವ್ಯಾಸಿಗಳು ಅಳತೆಪಟ್ಟಿಯೊಂದನ್ನು ಅಲ್ಲೇ ಬಿಟ್ಟು ಬಂದಂತಿದೆ.

ಪಟ್ಟಬಲೆಗೆ ಬನ್ನಿ. ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಈ ಬಲೆ ಮೀನನ್ನು ಕಿವಿರಿನಲ್ಲಿ ಸಿಕ್ಕಿಸುತ್ತದೆ. ಕಣ್ಣಿಗಿಂತ ಸಣ್ಣ ಮೀನು ನುಸುಳಿ ಹೋಗುತ್ತದೆ. ಬಹಳ ದೊಡ್ಡದರ ತಲೆಯೇ ಒಳಗೆ ತೂರದೆ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಅಂದರೆ ಅಗಲ ಕಣ್ಣಿನ ಪಟ್ಟಬಲೆ ಮರಿಯನ್ನೂ ತಾಯಿಯನ್ನೂ ಬಿಟ್ಟು ನಡುವಿನದನ್ನು ಹಿಡಿಯುತ್ತದೆ. ಕ್ವೀನ್ಸ್‌ಲ್ಯಾಂಡ್ ಕಾನೂನು ಬರೆದು ಮಾಡಿದ್ದನ್ನು ಹೊಳೆಯ ಅಂಬಿಗರ ಬಲೆ ಹೆಣಿಗೆಯಲ್ಲೇ ಬಹುಮಟ್ಟಿಗೆ ಮಾಡುತ್ತದೆ. ಅದರ ದೋಷವೂ ಇದೆ: ಹರಿದು ನೀರಿನಲ್ಲಿ ಉಳಿದ ನೈಲಾನ್ ತುಂಡು ಒಡೆಯನಿಲ್ಲದೆಯೂ ಮೀನು, ಏಡಿ ಹಿಡಿಯುತ್ತಲೇ ಇರುತ್ತದೆ. ಬೀಸುಬಲೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಒಬ್ಬ ಮನುಷ್ಯನ ತೋಳಿನಷ್ಟೇ ದೂರ ಹೋಗುತ್ತದೆ, ಬೇಡದ್ದನ್ನು ಜೀವ ಇರುವಾಗಲೇ ಎಸೆಯಲು ಎಡೆಯಿದೆ.

ನಿಜವಾದ ಆಕ್ಷೇಪಕ್ಕೆ ಪಾತ್ರವಾಗಬೇಕಾದದ್ದು ಯಾರೂ ಬೈಯದ ಒಂದು ಬಲೆ. ಅಘನಾಶಿನಿಯ ಇಕ್ಕೆಲದ ಗಜನಿಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಿನ ನಂತರ ಮೀನು, ಶೆಟ್ಲಿ. ಕಟ್ಟೆಯ ನೀರಬಾಗಿಲಾದ ಜಂತ್ರಡಿಯನ್ನು ಉಬ್ಬರಕ್ಕೆ ತೆರೆದರೆ ಮರಿಗಳು ಒಳಬಂದು ಭತ್ತದ ಕೂಳೆಯ ನಡುವೆ ಬೆಳೆಯುತ್ತವೆ. ಇಳಿತಕ್ಕೆ ನೀರು ಹೊರಹೋಗುವಾಗ ಬಾಗಿಲಿಗೆ ಚೀಲಬಲೆ ಕಟ್ಟುತ್ತಾರೆ. ಗೊಬ್ಬರವಿಲ್ಲದ ಬೆಳೆ, ಮೇವು ಹಾಕದ ಮೀನು. ಈ ಪದ್ಧತಿಯನ್ನು ಹೊಗಳಿ ಬರೆದವರು ಬಹಳ, ಹೊಗಳಿಕೆಗೆ ಅದು ತಕ್ಕುದೂ ಹೌದು. ಆದರೆ ಹೊಗಳುವವರು ಚೀಲದ ತುದಿಯ ಕಣ್ಣನ್ನು ನೋಡಿದ್ದಾರೆಯೇ? ಶೆಟ್ಲಿಗೆಂದು ಹೆಣೆದ ಸಣ್ಣ ಕಣ್ಣಿನ ಬಲೆಗೆ ಬೆರಳುದ್ದದ ಕುರುಡೆ, ಕೆಂಸ, ಶೇವಟೆ ಮರಿಗಳೂ ಶೆಟ್ಲಿಯೇ. ಗಾಳದ ಎರೆ ಮುಟ್ಟದಿರುವ ಸ್ವಾತಂತ್ರ್ಯ ಮೀನಿಗಿದೆ, ಪಟ್ಟಬಲೆಯ ಪಕ್ಕದಲ್ಲಿ ದಾರಿಯಿದೆ. ಜಂತ್ರಡಿಯಲ್ಲಿ ನೀರಿಗೆ ಇರುವುದೇ ಒಂದು ದಾರಿ, ಆ ದಾರಿಯ ಬಾಯಿಗೇ ಬಲೆ. ಏನನ್ನೂ ಬಿಡದ ಸಲಕರಣೆ ಎಂದರೆ ಇದು.

ಇದಕ್ಕೆ ಜೋಡಿ ಎನ್ನಬಹುದಾದದ್ದು ಘಟ್ಟದ ಕಡೆಯ ಸಿಹಿನೀರಿನಲ್ಲಿದೆ. ಮೊದಲ ಮಳೆಗೆ ಹಳ್ಳ ಏರಿ ಗದ್ದೆಗೆ ಬರುವ ಹತ್ತುಮೀನು ಬರುವುದೇ ಮೊಟ್ಟೆಯಿಡಲು. ಬದುವಿನ ತೂಬಿಗೆ ಬಿದಿರಿನ ಬುಟ್ಟಿಬಲೆಯಾದ ಕೂಣಿ ಒಡ್ಡಿದರೆ ಸಿಗುವುದು ಬಸಿರು ಮೀನೇ. ನಮ್ಮ ಪೈಕ್ ಎನ್ನಬಹುದಾದ ಕೊರವನ ಕತೆ ಇನ್ನೂ ಕರುಣಾಜನಕ: ಅದು ಮರಿಗಳ ಗುಂಪನ್ನು ಕಾಯುತ್ತಾ ಅವುಗಳ ಕೆಳಗೇ ಈಜುತ್ತದೆ. ಮರಿಗಳ ಮೇಲೆ ಕಪ್ಪೆಯನ್ನೋ ರಬ್ಬರ್ ಕಪ್ಪೆಯನ್ನೋ ಆಡಿಸಿದರೆ, ಹಸಿವೆಗಿಂತ ಹೆಚ್ಚಾಗಿ ಸಿಟ್ಟಿನಿಂದ ಎರಗುತ್ತದೆ. ಕಾವಲು ಹೋದ ಮೇಲೆ ಮರಿಗಳು ಸಿಕ್ಕವರ ಪಾಲು. ಒಂದು ಕೊಕ್ಕೆ, ಒಂದು ಮೀನು ಎಂಬ ಗಾಳದ ಲೆಕ್ಕ ಇಲ್ಲಿ ನೂರಾರು ಮರಿಗಳನ್ನು ಬರೆದುಕೊಳ್ಳದೆ ಬಿಟ್ಟ ಲೆಕ್ಕ.

ಇದಕ್ಕೆ ಎದುರು ಹೇಳುವವರಿದ್ದಾರೆ. ಗಜನಿ ಮೀನುಗಾರಿಕೆ ಅಜ್ಜನ ಕಾಲದ್ದು, ಆಗ ಮುಗಿಯದ ಮೀನು ಈಗೇಕೆ ಮುಗಿಯುತ್ತದೆ ಎನ್ನುತ್ತಾರೆ. ಪದ್ಧತಿ ಹಳೆಯದು, ಒಪ್ಪೋಣ, ಬಲೆ ಹಳೆಯದಲ್ಲ. ಹುರಿ ಹೊಸೆದು ಕೈಯಲ್ಲಿ ಹೆಣೆಯುತ್ತಿದ್ದ ಕಾಲದಲ್ಲಿ ಕಣ್ಣು ಕಿರಿದಾದಷ್ಟೂ ದುಡಿಮೆ ಹೆಚ್ಚು. ಯಂತ್ರ ಹೆಣೆದ ನೈಲಾನ್ ಆ ತಡೆಯನ್ನು ತೆಗೆದುಹಾಕಿತು. 1970ರ ದಶಕದಲ್ಲಿ ಕಾಯಂ ಕಲ್ಲುಕಟ್ಟೆಗಳು ಬಂದ ಮೇಲೆ, ಅದರಲ್ಲೂ ಶೆಟ್ಲಿಗೆ ಬೆಲೆ ಏರಿದ ಮೇಲೆ, ಎಷ್ಟೋ ಗಜನಿಗಳಲ್ಲಿ ಭತ್ತ ಹಿಂದೆ ಸರಿದು ಮೀನೇ ಮುಖ್ಯವಾಯಿತು. ಅಜ್ಜನ ಹೆಸರಿನಲ್ಲಿ ಮೊಮ್ಮಗನ ಬಲೆಯನ್ನು ಸಮರ್ಥಿಸುವುದು ಸರಿಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕಡಲಿನ ಟ್ರಾಲರು, ನದಿಯ ಅಣೆಕಟ್ಟು ಮಾಡಿದ ಹಾನಿಯ ಮುಂದೆ ಜಂತ್ರಡಿಯ ಚೀಲ ಎಷ್ಟರದು? ನಿಜ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ 4,801 ಹೆಕ್ಟೇರಿನೊಂದಿಗೆ 2024ರಲ್ಲಿ ರಾಮ್ಸರ್ ತಾಣವಾಯಿತು. 1964ರಿಂದ ಲಿಂಗನಮಕ್ಕಿ ಅಣೆಕಟ್ಟಿಗೆ ಕಟ್ಟುಬಿದ್ದ ಶರಾವತಿಯಲ್ಲೋ ವಿದ್ಯುತ್ ಉತ್ಪಾದನೆಗೆ ಬಿಡುವ ನೀರು ಬೇಸಿಗೆಯಲ್ಲೂ ಹರಿದುಬಂದು ಅಳಿವೆಯ ಉಪ್ಪನ್ನು ತಗ್ಗಿಸಿದೆ. ಚಿಪ್ಪುಮೀನಿನ ಇಳುವರಿ ಕುಸಿದಿದೆ. ಮೇಲಕ್ಕೆ ಏರಬೇಕಾದ ಮೀನಿಗೆ ಗೇರುಸೊಪ್ಪೆಯ ಅಣೆಕಟ್ಟು ಅಡ್ಡ, ಭಟ್ಕಳದಲ್ಲಿ ಕಡವಿನಕಟ್ಟೆ ಅಡ್ಡ. ಆದರೆ ಈ ವಾದ ಅದನ್ನು ಹೂಡುವವರಿಗೇ ತಿರುಗುತ್ತದೆ. ಮರಿಗಳ ಬರವು ಮೊದಲೇ ಕಡಿಮೆಯಾದ ಹೊಳೆಯಲ್ಲಿ ಬಂದಷ್ಟನ್ನೂ ಸೋಸಿ ತೆಗೆಯುವ ಬಲೆಯ ಪಾಪ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಣೆಕಟ್ಟು ಮೀನುಗಾರನ ಕೈಯಲ್ಲಿಲ್ಲ, ಬಲೆಯ ಕಣ್ಣು ಅವನ ಕೈಯಲ್ಲಿದೆ.

ಹೊಟ್ಟೆಪಾಡಿನ ಮಾತು ಉಳಿಯಿತು. ಎಂಟು ಕಿಲೋದ ಕುರುಡೆಯನ್ನು ನೀರಿಗೆ ಬಿಡು ಎಂದು ದೋಣಿಯಲ್ಲಿ ರಾತ್ರಿ ಕಳೆದವನಿಗೆ ಹೇಳುವ ಧೈರ್ಯ ಯಾರಿಗಿದೆ? ಹೇಳಬಾರದು ಕೂಡ; ಅವನ ಆ ವಾರದ ಸಂತೆ ಅದರ ಮೇಲೆ ನಿಂತಿರುತ್ತದೆ. ಬಿಡುವ ಶಿಸ್ತು ಶುರುವಾಗಬೇಕಾದದ್ದು ಖುಷಿಗಾಗಿ ಹಿಡಿಯುವವನಿಂದ. ಹೊನ್ನಾವರದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆಯ ಆಸುಪಾಸಿನ ನೀರಿನಲ್ಲಿ ದುಬಾರಿ ರಾಡು ಬೀಸುವವನಿಗೆ ತಾಯಿಮೀನನ್ನು ಬಿಟ್ಟರೆ ಒಲೆ ಆರುವುದಿಲ್ಲ. ಮುಕ್ಕೊಕ್ಕೆಯ ಬದಲು ಒಂಟಿ ಕೊಕ್ಕೆ, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡುವುದು, ಮೀನನ್ನು ನೀರಿನಲ್ಲೇ ಬಿಡಿಸುವುದು, ಇಷ್ಟಾದರೆ ಬಿಟ್ಟ ಮೀನು ಬದುಕುವ ಸಂಭವ ಹೆಚ್ಚು. ಜೀವಂತ ಎರೆಯನ್ನು ಆಳಕ್ಕೆ ನುಂಗಿದ ಮೀನನ್ನು ಬಿಟ್ಟರೂ ಅದು ಬಹುಶಃ ಸಾಯುತ್ತದೆ. ಹಿಡಿದು ಬಿಡುವುದೂ ಹಿಂಸೆಯೇ ಎನ್ನುವವರಿಗೆ ಉತ್ತರ ಕೊಡುವುದು ಕಷ್ಟ. ಹಾಗಾದರೆ ಮೋಜಿಗೆ ಹಿಡಿಯಲೇಬಾರದು ಎಂಬ ಅವರ ಮುಂದಿನ ಮಾತು ತರ್ಕಬದ್ಧವಾಗಿಯೇ ಇದೆ.

ಕಾನೂನಿನ ಆಸರೆ ಈ ವಿಷಯದಲ್ಲಿ ತೀರ ತೆಳು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು ಅಪರಾಧ ಎಂದಿತು. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಕಡಲಿನ ಯಾಂತ್ರಿಕ ದೋಣಿಗಳಿಗೆ, ಗಜನಿಗಲ್ಲ. ಆದ್ದರಿಂದ ಕೆಲಸ ಆಗಬೇಕಾದದ್ದು ಗಜನಿಯ ಕಟ್ಟೆಯ ಮೇಲೆ. ಕೊಯ್ಲು ಮುಗಿದು ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವ ಹೊತ್ತಿನಲ್ಲಿ ಹಣದ ಮಾತಿನ ಜೊತೆಗೆ ಬಲೆಯ ಮಾತೂ ಬರಲಿ. ಚೀಲದ ತುದಿಯ ಕಣ್ಣು ಎಷ್ಟಿರಬೇಕು, ಎಷ್ಟು ಇಳಿತಕ್ಕೊಮ್ಮೆ ಜಂತ್ರಡಿಯನ್ನು ಬಲೆಯಿಲ್ಲದೆ ತೆರೆದಿಡಬೇಕು ಎಂಬ ಎರಡು ಸಾಲನ್ನು ಗಜನಿಯ ರೈತರು ಈ ಸಲದ ಕರಾರಿನಲ್ಲೇ ಬರೆಸಿಕೊಳ್ಳಲಿ.