ಅಲ್ಪಮೌಲ್ಯದ ಅನಲ್ಪ ಚಿಪ್

ವೇಗವನ್ನು ಬಯಸಿದವನು ಬೆಲೆಗೆ ಅಂಜಬಾರದು, ಬೆಲೆಗೆ ಅಂಜಿದವನು ವೇಗವನ್ನು ಬಯಸಬಾರದು ಎಂಬ ಭಾವನೆ ಮೈಕ್ರೋಕಂಟ್ರೋಲರುಗಳ ಆಯ್ಕೆಯಲ್ಲಿ ಬಹುಕಾಲ ಬೇರೂರಿತ್ತು. ಅದನ್ನು ಸಡಿಲಿಸಿದ ಕೀರ್ತಿಯಲ್ಲಿ ಒಂದು ಪಾಲು, ಕೇಂಬ್ರಿಡ್ಜಿನ ರಾಸ್ಪ್‌ಬೆರಿ ಪೈ ಸಂಸ್ಥೆಯು 2021ರಲ್ಲಿ ಹೊರತಂದ ಆರ್‌ಪಿ2040 ಎಂಬ ಚಿಪ್ಪಿಗೆ ಸಲ್ಲತಕ್ಕದ್ದು. 7 ಮಿಲಿಮೀಟರ್ ಚೌಕದ ಆ ಕರಿಯ ಬಿಲ್ಲೆಯೊಳಗೆ 133 ಮೆಗಾಹರ್ಟ್ಸ್ ವೇಗದ ಎರಡು ಕೋರ್‌ಗಳೂ 264 ಕಿಲೋಬೈಟ್ ರ‍್ಯಾಮೂ ಅಡಗಿವೆ. ಅದನ್ನು ಹೊತ್ತ ಪೈಕೊ ಬೋರ್ಡಿನ ಆರಂಭದ ಬೆಲೆ ಕೇವಲ 4 ಡಾಲರ್.

ಆದರೆ ಇದರ ನಿಜವಾದ ವೈಶಿಷ್ಟ್ಯ ಗಡಿಯಾರದ ವೇಗದಲ್ಲಿಲ್ಲ, ‘ಪಿಐಒ’ ಎಂಬ ಅಂಗದಲ್ಲಿದೆ. ಕೋರ್‌ಗಳು ಗಣಿತದಲ್ಲಿ ಮಗ್ನವಾಗಿರುವಾಗ ಇದರ ಎಂಟು ಪುಟ್ಟ ಯಂತ್ರಗಳು, ಮನೆಯೊಡತಿಯನ್ನು ಪದೇ ಪದೇ ಕೇಳದೆ ಕೆಲಸ ಮುಗಿಸುವ ಪಳಗಿದ ಆಳುಗಳಂತೆ, ಪಿನ್ನುಗಳ ವ್ಯವಹಾರವನ್ನೆಲ್ಲ ತಾವೇ ನಿರ್ವಹಿಸುತ್ತವೆ. ಪ್ರತಿಯೊಂದು ಬಿಟ್ಟಿಗೂ 1.25 ಮೈಕ್ರೋಸೆಕೆಂಡಿನ ಕಟ್ಟುನಿಟ್ಟಾದ ಕಾಲಗತಿಯನ್ನು ಬೇಡುವ ಡಬ್ಲ್ಯುಎಸ್2812 ಬಣ್ಣದ ಎಲ್‌ಇಡಿ ಸರವನ್ನು ಬೆಳಗಿಸಲು ಅವಕ್ಕೆ ನಾಲ್ಕೇ ಆಜ್ಞೆಗಳು ಸಾಕು! ಪ್ರೋಗ್ರಾಮನ್ನು ತುಂಬುವುದೂ ಸುಲಭ: ಗುಂಡಿಯನ್ನೊತ್ತಿ ಯುಎಸ್‌ಬಿಗೆ ಸೇರಿಸಿದೊಡನೆ ಬೋರ್ಡು ಪೆನ್‌ಡ್ರೈವಿನಂತೆ ಕಂಪ್ಯೂಟರಿನಲ್ಲಿ ಮೂಡುತ್ತದೆ. ಕಡತವನ್ನು ಅದರೊಳಗೆ ಎಳೆದು ಹಾಕಿದರಾಯಿತು. ಆರಂಭದ ಪ್ರೋಗ್ರಾಮು ಅಳಿಸಲಾಗದ ರೋಮ್‌ನಲ್ಲಿರುವುದರಿಂದ, ಕಲಿಯುವವನು ಎಷ್ಟೇ ಕೆಟ್ಟ ಕೋಡನ್ನು ತುಂಬಿದರೂ ಮತ್ತೆ ತುಂಬುವ ದಾರಿ ಮುಚ್ಚುವುದಿಲ್ಲ.

ನ್ಯೂನತೆಗಳಿಲ್ಲವೆಂದಲ್ಲ: ಫ್ಲಾಶ್ ಸ್ಮೃತಿಯನ್ನು ಹೊರಗೆ ಜೋಡಿಸಬೇಕು, ದಶಮಾಂಶ ಗಣಿತಕ್ಕೆ ಪ್ರತ್ಯೇಕ ಯಂತ್ರಾಂಗವಿಲ್ಲ. ಬ್ಯಾಟರಿಯ ಮೇಲೆ ವರ್ಷಗಟ್ಟಲೆ ಬಾಳಬೇಕಾದ ಉಪಕರಣಕ್ಕೆ ಬೇರೆ ಚಿಪ್ಪನ್ನೇ ಅರಸುವುದು ವಿವೇಕ. ಆದರೆ ಕಾಲಗತಿಯ ನಿಖರತೆಯನ್ನು ಅಲ್ಪ ವೆಚ್ಚದಲ್ಲಿ ಬಯಸುವವನಿಗೆ, ಇದಕ್ಕೆ ಸಾಟಿಯಾದುದು ವಿರಳ.