ಡಚ್ಚರ ಮಾಗಿ ಮತ್ತು ನಮ್ಮ ಮಾಗಿ

ಹತ್ತೊಂಬತ್ತನೆಯ ಶತಮಾನದ ಡಚ್ ಕಲೆಗಾರರಲ್ಲಿ ಹೇಗ್ ನಗರದ ಆಂಡ್ರಿಯಾಸ್ ಸ್ಕೆಲ್ಫೌಟ್ (1787-1870) ಮಾಗಿಯ ಚಿತ್ರಗಳಿಗಾಗಿಯೇ ಹೆಸರಾದವನು. ಶಿಷ್ಯನಾದ ಚಾರ್ಲ್ಸ್ ಲೈಕರ್ಟ್ (1816-1907) ಅದೇ ಹಾದಿ ಹಿಡಿದನು. ಹೆಪ್ಪುಗಟ್ಟಿದ ಕಾಲುವೆ, ಬೋಳು ಮರ, ಗಾಳಿಗಿರಣಿ, ಮಂಜುಗಡ್ಡೆಯ ಮೇಲೆ ಜಾರುವ ಜನ, ಕಟ್ಟಿಗೆಯ ಹೊರೆ ಹೊತ್ತ ಬಡವ, ತಿನಿಸು ಮಾರುವ ಡೇರೆ ಇವು ಮತ್ತೆ ಮತ್ತೆ ಬರುತ್ತವೆ. ಇಳಿಹೊತ್ತಿನ ಹೊಂಬೆಳಕು ಬಿದ್ದು ಚಳಿಯೂ ಬೆಚ್ಚಗಾದಂತೆ ತೋರುತ್ತದೆ. ಪಳಗಿದ ಕೈಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಆದರೆ 1845ರಲ್ಲಿ ಆ ನಾಡಿನ ಬಟಾಟೆಯ ಬೆಳೆಗೆ ರೋಗ ತಗುಲಿತು. ಬಡವರು ಹಸಿದರು, 1847ರಲ್ಲಿ ಅನ್ನಕ್ಕಾಗಿ ದಂಗೆಗಳಾದವು. ಈ ಕಲೆಗಾರರ ಮಾಗಿಯಲ್ಲಿ ಆ ಹಸಿವಿನ ಸುಳಿವು ಕಾಣದು. ಕಟ್ಟಿಗೆ ಹೊತ್ತವನು ಬಾಗಿರುವುದು ಚಿತ್ರದ ಸೊಗಸಿಗಾಗಿ. ಸಿರಿವಂತರ ಗೋಡೆಗೆ ಒಪ್ಪುವ ಬಡತನವದು!

ನಮ್ಮವರಲ್ಲಿ ಚಳಿಯನ್ನು ಬಣ್ಣದಲ್ಲಿ ಹಿಡಿದವರೆಂದರೆ ಮೈಸೂರಿನ ಕೆ. ವೆಂಕಟಪ್ಪನವರು (1886-1965). ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಇವರು 1920ರ ದಶಕದಲ್ಲಿ ಉದಕಮಂಡಲದ ನೋಟಗಳನ್ನು ಜಲವರ್ಣದಲ್ಲಿ ಬರೆದರು. ಮೋಡ, ಮಂಜು, ಬೆಟ್ಟದ ನೆರಳು. ಬೆಳಕು ಹೊತ್ತುಹೊತ್ತಿಗೆ ಬದಲಾಗುವುದನ್ನು ಕಾದು ನೋಡಿದ ಕಣ್ಣು ಅವರದು. ಸ್ಕೆಲ್ಫೌಟನ ಚಳಿಗಿಂತ ಇವರ ಚಳಿ ಹೆಚ್ಚು ಸತ್ಯವೆಂದು ನನ್ನ ಮತ. ಇವರು ಬಡವನನ್ನು ಅಲಂಕಾರವಾಗಿಸಲಿಲ್ಲ. ಆದರೆ ಚಿತ್ರದೊಳಕ್ಕೆ ಕರೆಯಲೂ ಇಲ್ಲ. ಅಲ್ಲಿ ಬೆಟ್ಟವೇ ನಾಯಕ.

ಇನ್ನು ನಮ್ಮ ಯೆಣೆಗೂರ, ಉಮರ್ಗಾ, ನಿಲಂಗಾ, ಉದಗೀರ ಭಾಗದ ಮಾಗಿ. ಇದು ನೆಲ ಸತ್ತು ಮಲಗುವ ಕಾಲವಲ್ಲ. ಎರೆಹೊಲದಲ್ಲಿ ಹಿಂಗಾರಿ ಜೋಳ ಎದ್ದು ನಿಲ್ಲುವ ಕಾಲ. ಎಳ್ಳಮಾಸಿಯ ದಿನ ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ನಡೆಯುತ್ತಾರೆ. ಕಣಿಕೆಯ ಕೊಪ್ಪೆಯಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಸಜ್ಜೆರೊಟ್ಟಿ, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಮರಾಠಿ ಮನೆಮಾತಿನವರೂ ಈ ಹಬ್ಬವನ್ನು ‘ಯೆಳವಸ’ ಎನ್ನುತ್ತಾರೆ. ಹೆಸರಿನಲ್ಲಿ ಕನ್ನಡ ಉಳಿದಿದೆ. ಚಿತ್ರಕ್ಕೆ ಇದಕ್ಕಿಂತ ಬೇರೆ ಸಾಮಗ್ರಿ ಬೇಕೆ? ಆದರೆ ಇಲ್ಲಿಯೂ ಸ್ಕೆಲ್ಫೌಟನ ಬಲೆಯುಂಟು. ಪಂಕ್ತಿಯೂಟವನ್ನು ಬರೆದು, ಮರುದಿನ ಅದೇ ಹೊಲಕ್ಕೆ ಕೂಲಿಗೆ ಬರುವ ಹೆಣ್ಣುಮಗಳನ್ನು ಬಿಟ್ಟುಬಿಡುವುದು ಸುಲಭ. 1972ರ ಬರದಲ್ಲಿಯೂ ಎಳ್ಳಮಾಸಿ ಬಂದಿತ್ತು.

ಚಿತ್ರಕಲೆಯ ತಾಸಿನಲ್ಲಿ ‘ನಿಸರ್ಗಚಿತ್ರ ಬರೆಯಿರಿ’ ಎಂದರೆ ನಮ್ಮ ಹುಡುಗರು ಬರೆಯುವುದು ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗು, ಒಂದು ದೋಣಿ. ಅವರಲ್ಲಿ ಹಲವರು ದೋಣಿಯನ್ನು ಕಂಡವರಲ್ಲ. ಅದಕ್ಕೆ ನಾವು ಹತ್ತಕ್ಕೆ ಎಂಟು ಅಂಕ ಕೊಡುತ್ತೇವೆ. ಕಿಟಕಿಯಾಚೆ ಜೋಳ ತೆನೆ ಬಿಟ್ಟಿರುತ್ತದೆ.