ಕೊಂಪಾ: ಬರೀ ಕುಣಿಯೋ ಹಾಡಾ?

ಹೈಟಿ ದೇಶದ ಜನಪ್ರಿಯ ಕುಣಿತದ ಸಂಗೀತಕ್ಕೆ ಕೊಂಪಾ ಅಂತ ಹೆಸರು. (ನಮ್ಮ ಕೊಂಪೆಗೂ ಇದಕ್ಕೂ ಸಂಬಂಧ ಇಲ್ಲ!) 1955ರಲ್ಲಿ ಇದಕ್ಕೆ ರೂಪ ಕೊಟ್ಟವರು ಸ್ಯಾಕ್ಸೊಫೋನ್ ವಾದಕ ನೆಮೂರ್ ಜಾನ್ ಬಾಪ್ತಿಸ್ತ್. ಅವಸರವಿಲ್ಲದ, ಆದರೆ ಎಲ್ಲೂ ನಿಲ್ಲದ ತಾಳ ಇದು. ಜೋಡಿಗಳು ಹತ್ತಿರ ನಿಂತು ಕುಣಿಯೋದಕ್ಕೆ ಹೇಳಿ ಮಾಡಿಸಿದ್ದು.

ನೆಮೂರ್ ಪಕ್ಕದ ಡೊಮಿನಿಕನ್ ದೇಶದ ಮೆರೆಂಗೆಯಿಂದ ಸಾಕಷ್ಟು ಪಡೆದರು. ಇಲ್ಲೊಂದು ಮುಳ್ಳಿದೆ. 1937ರಲ್ಲಿ ಅಲ್ಲಿನ ಸರ್ವಾಧಿಕಾರಿ ತ್ರುಹಿಯೊನ ಸೈನಿಕರು ಗಡಿಭಾಗದಲ್ಲಿ ಸಾವಿರಾರು ಹೈಟಿಯನ್ನರನ್ನು ಕೊಂದಿದ್ದರು. ಮೆರೆಂಗೆಯನ್ನು ರಾಷ್ಟ್ರದ ಸಂಗೀತ ಅಂತ ಮೆರೆಸಿದವನೂ ಅದೇ ತ್ರುಹಿಯೊ. ಹದಿನೆಂಟು ವರ್ಷಕ್ಕೆ ಆ ಕಡೆಯ ತಾಳಕ್ಕೆ ಈ ಕಡೆಯವರು ಕುಣಿದರು. ಇದನ್ನು ಮರೆವು ಅನ್ನಬಹುದು, ನನಗೆ ಹಾಗನ್ನಿಸಲ್ಲ. ಆ ತಾಳ ಹುಟ್ಟಿದ್ದು ಹಳ್ಳಿ ಜನರ ನಡುವೆ, ಅರಮನೆಯಲ್ಲಲ್ಲ.

ಹಾಡಿನ ಭಾಷೆ ಕ್ರಿಯೋಲ್. ಶಾಲೆ, ಕೋರ್ಟು, ಕಚೇರಿ ಎಲ್ಲಾ ಫ್ರೆಂಚ್‌ನಲ್ಲಿದ್ದ ಕಾಲವದು. 1987ರ ಸಂವಿಧಾನ ಬರೋ ತನಕ ಕ್ರಿಯೋಲ್‌ಗೆ ಸಮನಾದ ಸ್ಥಾನ ಸಿಗಲಿಲ್ಲ. ಮನೆಯಲ್ಲಿ ದಖನಿ ಆಡಿ ಶಾಲೆಯಲ್ಲಿ ಕಿತಾಬಿ ಉರ್ದು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಂಪಾದ ದೊಡ್ಡ ಕೊಡುಗೆ ಇದೇ ಅಂತ ನನ್ನ ಅಭಿಪ್ರಾಯ: ಮನೆಮಾತಿಗೆ ಅದು ಮೈಕು ಕೊಟ್ಟಿತು.

ಆದರೆ ಆ ಮೈಕಿನಲ್ಲಿ ಹೇಳಿದ್ದೇನು? 1957ರಿಂದ 1986ರವರೆಗೆ ದುವಾಲಿಯೇ ಅಪ್ಪ-ಮಗನ ಕ್ರೂರ ಆಡಳಿತ. ಜನ ಕಣ್ಮರೆಯಾಗುತ್ತಿದ್ದಾಗ ಕೊಂಪಾ ಹೆಚ್ಚಾಗಿ ಪ್ರೀತಿ, ಸೊಂಟ, ಹಬ್ಬ ಅಂತಲೇ ಹಾಡಿತು. ಬಾಯಿ ಬಿಟ್ಟರೆ ಜೀವ ಹೋಗುತ್ತಿದ್ದಾಗ ಸುಮ್ಮನಿದ್ದದ್ದನ್ನು ದೂರದಲ್ಲಿ ಕೂತು ಹೇಡಿತನ ಅನ್ನೋದು ಸುಲಭ. ಹಾಗಂತ ಮಾನೊ ಶಾರ್ಲೆಮಾನ್‌ನಂಥ ಗಾಯಕರನ್ನು ಮರೆಯೋದೂ ಸರಿಯಲ್ಲ. ಅದೇ ಕ್ರಿಯೋಲ್‌ನಲ್ಲಿ ಗಿಟಾರ್ ಹಿಡಿದು ಆಳುವವರನ್ನು ಪ್ರಶ್ನಿಸಿದರು, ದೇಶ ಬಿಡಬೇಕಾಯ್ತು. ಮುಂದೆ 2011ರಲ್ಲಿ ಕೊಂಪಾ ಗಾಯಕ ಮಿಶೆಲ್ ಮಾರ್ತೆಲಿ ರಾಷ್ಟ್ರಪತಿಯೇ ಆದರು. ‘ಇದು ಬರೀ ಮನರಂಜನೆ’ ಅನ್ನೋ ಮಾತು ಅಲ್ಲಿಗೆ ಮುಗೀತು.

ಹೊಸದಾಗಿ ಕೇಳುವ ವಿದ್ಯಾರ್ಥಿಗಳು 1968ರಲ್ಲಿ ಶುರುವಾದ ಟಾಬೂ ಕೊಂಬೊ ತಂಡದಿಂದ ಆರಂಭಿಸಿ. ದೊಡ್ಡ ಬ್ಯಾಂಡ್‌ಗಳ ಜಾಗಕ್ಕೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದ ಹುಡುಗರ ತಲೆಮಾರು ಅದು. ಪದ ಮುಗಿದ ಕೂಡಲೇ ಆಫ್ ಮಾಡಬೇಡಿ. ಗಿಟಾರ್, ಡೋಲು, ಗಂಟೆ ಮೂರೂ ಒಂದನ್ನೊಂದು ಎಳೆದಾಡೋದು ಆಮೇಲೇ ಚೆನ್ನಾಗಿ ಕೇಳಿಸುತ್ತೆ.